ಬಾನೆಟ್ ಮೇಲಿನ ನಂಬರ್ ನಂಬಬಹುದಾ? ಹಳೇ ಟ್ರ್ಯಾಕ್ಟರ್ ಗುರುತು ಹಿಡಿಯೋದು ಹೀಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಈ ವಾರದ ವಿಷಯ ಹಳೇ ಟ್ರ್ಯಾಕ್ಟರ್. ಕೊಟ್ಟಿಗೆ ಮಗ್ಗುಲಿಗೋ ಬಣವೆ ಹಿಂದೋ ನಿಂತಿರುತ್ತಲ್ಲ, ಬಣ್ಣ ಹೋಗಿ, ಟೈರ್ ನೆಲಕ್ಕಂಟಿ, ಸೀಟಿನ ಮೇಲೆ ಕೋಳಿ ಕೂತಿರುತ್ತಲ್ಲ, ಆ ಟ್ರ್ಯಾಕ್ಟರ್ ಬಗ್ಗೆ ಮಾತಾಡೋಣ. ಅದು ಯಾವ ಮಾಡಲ್, ಯಾವ ಕಾಲದ್ದು, ಎಷ್ಟು ಶಕ್ತಿಯದ್ದು ಅಂತ ಕಂಡುಹಿಡಿಯೋದು ಹೇಗೆ?

ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯಿಂದ ಶುರು ಮಾಡ್ತೀನಿ. ಅವರ ಮಾತಲ್ಲೇ ಓದ್ತೀನಿ: "ನಮಸ್ಕಾರ್ರಿ. ನಮ್ಮ ಅಪ್ಪನ ಕಾಲದ ಟ್ರ್ಯಾಕ್ಟರ್ ಒಂದು ಐತ್ರಿ. ಬಾನೆಟ್ ಮ್ಯಾಲೆ 275 ಅಂತ ಅಷ್ಟ ಉಳದೈತಿ. ಗುಜರಿಯವ್ರು ಕಿಲೋ ಲೆಕ್ಕದಾಗ ಕೇಳಾಕತ್ತಾರ. ಮಿಸ್ತ್ರಿ ನೋಡಿದ್ರ, ಮೊದ್ಲ ಮಾಡಲ್ ಯಾವುದು ಹೇಳ್ರಿ, ಆಮ್ಯಾಲೆ ಸಾಮಾನು ತರ್ಸೂಣು ಅಂತಾನ. 275 ಅಂದ್ರ ಎಷ್ಟು ಎಚ್‌ಪಿ ರೀ? ರಿಪೇರಿ ಮಾಡಸ್ಬೇಕೋ, ಕೊಟ್ಟ ಬಿಡಬೇಕೋ?"

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದ್ರೆ ಇದರ ಹಿಂದೆ ದುಡ್ಡಿನ ಲೆಕ್ಕ ಇದೆ. ಮಾಡಲ್ ಗೊತ್ತಿಲ್ಲದ ಟ್ರ್ಯಾಕ್ಟರ್ ಬರೀ ಕಬ್ಬಿಣ, ಅದಕ್ಕೆ ಗುಜರಿ ರೇಟು. ಮಾಡಲ್ ಗೊತ್ತಾಗಿ, ಕಾಗದಪತ್ರಕ್ಕೆ ತಾಳೆಯಾದ್ರೆ ಅದೇ ಕಬ್ಬಿಣ ಒಂದು ವಾಹನ. ತಪ್ಪು ಮಾಡಲ್ ಹೇಳಿ ಹುಬ್ಬಳ್ಳಿಯಿಂದ ಸಾಮಾನು ತಂದ್ರೆ ಆ ಖರ್ಚೂ ಹೋಯ್ತು, ಬಿತ್ತನೆ ಹೊತ್ತೂ ಹೋಯ್ತು. ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗಂತೂ ಇದು ಇನ್ನೂ ಮುಖ್ಯ.

ನಂಬರ್ ಅಂದ್ರೆ ಹೆಸರು, ಅಳತೆ ಅಲ್ಲ

ಮೊದಲ ಮಾತು ಇದು. ಬಾನೆಟ್ ಮೇಲಿನ ನಂಬರ್ ಆ ಕಂಪನಿ ತನ್ನ ಗಾಡಿಗೆ ಇಟ್ಟ ಹೆಸರು. ಕೆಲವು ಕಂಪನಿಗಳು ಆ ಹೆಸರಿನೊಳಗೆ ಶಕ್ತಿಯನ್ನೂ ಸೇರಿಸಿದವು, ಕೆಲವು ಸೇರಿಸಲಿಲ್ಲ. ಹೀಗಾಗಿ ಎಲ್ಲ ಕಂಪನಿಗಳ ನಂಬರನ್ನ ಒಂದೇ ಸೂತ್ರದಿಂದ ಓದೋಕೆ ಆಗಲ್ಲ.

ಶಕ್ತಿ ಹೇಳುವ ನಂಬರ್ ಮೊದಲು ನೋಡೋಣ. ಗಡಿಯಾರದಿಂದ ನಮಗೆಲ್ಲ ಪರಿಚಯವಾದ ಬೆಂಗಳೂರಿನ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡೋಕೆ ಶುರು ಮಾಡಿತು. ತಂತ್ರಜ್ಞಾನ ಆಗಿನ ಜೆಕೊಸ್ಲೊವಾಕಿಯಾದ ಜೆಟರ್‌ದು. ಮೊದಲ ಮಾಡಲ್ 2511. ಇಲ್ಲಿ ಮೊದಲ ಎರಡು ಅಂಕಿ ಓದಿ: 25 ಎಚ್‌ಪಿ. 3511 ಅಂದ್ರೆ 35. ಆಮೇಲೆ ಬಂದ 5911 ಅಂದ್ರೆ 59.

ಸ್ವರಾಜ್‌ನಲ್ಲಿ ಇದು ತಿರುಗುಮುರುಗು, ಕೊನೆಯ ಎರಡು ಅಂಕಿ ನೋಡಬೇಕು. ದುರ್ಗಾಪುರದ ಕೇಂದ್ರೀಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ, ಹೊರದೇಶದ ಕಂಪನಿಯ ಸಹಯೋಗ ಇಲ್ಲದೆ ವಿನ್ಯಾಸ ಆದ ಟ್ರ್ಯಾಕ್ಟರ್ ಅದು. ಪಂಜಾಬ್ ಟ್ರ್ಯಾಕ್ಟರ್ಸ್ 1974ರಲ್ಲಿ ಅದನ್ನ ಸ್ವರಾಜ್ 724 ಅಂತ ಮಾರುಕಟ್ಟೆಗೆ ತಂದಿತು. 24 ಅಂದ್ರೆ 25 ಎಚ್‌ಪಿ ಆಸುಪಾಸಿನ ವರ್ಗ. 735 ಅಂದ್ರೆ 35ರ ವರ್ಗ, 855 ಅಂದ್ರೆ 55ರ ವರ್ಗ.

ಇಲ್ಲೊಂದು ತಿರುವಿದೆ. ಹೆಸರು ಹಾಗೇ ಉಳಿದು ಒಳಗಿನ ಎಂಜಿನ್ ಬೆಳೆದದ್ದೂ ಉಂಟು. ಈಗ ಮಾರಾಟ ಆಗುವ ಸ್ವರಾಜ್ 735 ಎಫ್‌ಇ 40 ಎಚ್‌ಪಿ ಆಸುಪಾಸಿನದು. ಹಾಗಾಗಿ "735 ಅಂದ್ರೆ ಇಷ್ಟೇ" ಅನ್ನೋ ಮುಂಚೆ "ಯಾವ ವರ್ಷದ 735" ಅಂತ ಕೇಳಬೇಕು.

ಇನ್ನು ಶಕ್ತಿ ಹೇಳದ ನಂಬರ್. ಫೋರ್ಡ್ 3600 ನೋಡಿ. ಎಚ್‌ಎಂಟಿ ಲೆಕ್ಕ ಹಾಕಿ 36 ಎಚ್‌ಪಿ ಅಂದ್ರೆ ತಪ್ಪಾಗುತ್ತೆ, ಅದರ ಎಂಜಿನ್ ಅದಕ್ಕಿಂತ ದೊಡ್ಡದು. ಫೋರ್ಡ್ 1965ರಲ್ಲಿ 2000, 3000, 4000, 5000 ಅಂತ ಸಾಲು ಮಾಡಿತು. 2000 ಸಣ್ಣದು, 5000 ದೊಡ್ಡದು, ಅಷ್ಟೇ. ಎಪ್ಪತ್ತರ ದಶಕದ ನಡುವೆ ಆ ಸಾಲನ್ನ ಹೊಸದು ಮಾಡಿದಾಗ 600 ಸೇರಿಸಿದರು, 3000 ಹೋಗಿ 3600 ಆಯ್ತು. ನಮ್ಮ ದೇಶದಲ್ಲಿ ಎಸ್ಕಾರ್ಟ್ಸ್ ಮತ್ತು ಫೋರ್ಡ್ ಸೇರಿ ಫರೀದಾಬಾದ್‌ನಲ್ಲಿ 1971ರಿಂದ 3000 ತಯಾರಿಸಿದವು, ಆಮೇಲೆ 3600 ಬಂತು.

275ರ ಕಥೆ

ಈಗ ದೇವಿಕೊಪ್ಪದ ಪ್ರಶ್ನೆಗೆ ಬರೋಣ. 275 ಅನ್ನೋ ನಂಬರ್ ನಮ್ಮಲ್ಲಿ ಕನಿಷ್ಠ ಎರಡು ಬೇರೆ ಬೇರೆ ಟ್ರ್ಯಾಕ್ಟರ್‌ಗಳ ಮೇಲೆ ಬಂದಿದೆ.

ಹಳೆಯದು ಬಿ-275. ಇದು ಮೂಲದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಬ್ರಿಟನ್‌ನಲ್ಲಿ 1958ರಿಂದ ಮಾಡಿದ ಟ್ರ್ಯಾಕ್ಟರ್. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದವು, ಬಿ-275 ಇಲ್ಲೇ ತಯಾರಾಗತೊಡಗಿತು. 1977ರಲ್ಲಿ ಆ ಕಂಪನಿ ಮಹೀಂದ್ರದಲ್ಲಿ ವಿಲೀನ ಆಯ್ತು. ಹಾಗಾಗಿ ಪ್ಲೇಟ್ ಮೇಲೆ "ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ" ಅಂತ ತಯಾರಕರ ಹೆಸರಿದ್ರೆ ಅದು 1963ರಿಂದ 1977ರ ನಡುವಿನದು ಅಂತ ಅಂದಾಜು ಮಾಡಬಹುದು. ಬರೀ ಮಹೀಂದ್ರ ಅಂತಿದ್ರೆ ಅದರ ನಂತರದ್ದು.

ಇದಾದ ಮೇಲೆ ಬಂದದ್ದು 275 ಡಿಐ. ಡಿಐ ಅಂದ್ರೆ ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರವಾಗಿ ಪಿಸ್ಟನ್ ಮೇಲಿನ ಜಾಗಕ್ಕೇ ಸಿಡಿಯುತ್ತೆ. ಬಿ-275ರಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಸಣ್ಣ ಕೋಣೆಯಲ್ಲಿ ಉರಿದು ಆಮೇಲೆ ಕೆಳಗಿಳಿಯುತ್ತಿತ್ತು. ಅದಕ್ಕೇ ಹೀಟರ್ ಪ್ಲಗ್ ಬೇಕಿತ್ತು, ಚಳಿಗಾಲದ ಬೆಳಗ್ಗೆ ಅದು ಕಾಯುವ ತನಕ ಕಾದು ಸ್ಟಾರ್ಟ್ ಮಾಡಬೇಕಿತ್ತು.

ಇವೆರಡನ್ನ ಬೇರೆ ಮಾಡೋದು ಸುಲಭ. ಬಾನೆಟ್ ಎತ್ತಿ, ಡೀಸೆಲ್ ಪಂಪಿನಿಂದ ಇಂಜೆಕ್ಟರ್‌ಗಳಿಗೆ ಹೋಗುವ ಸಣ್ಣ ಉಕ್ಕಿನ ಪೈಪುಗಳನ್ನ ಎಣಿಸಿ. ಒಂದು ಸಿಲಿಂಡರ್‌ಗೆ ಒಂದು ಪೈಪ್. ನಾಲ್ಕಿದ್ರೆ ನಾಲ್ಕು ಸಿಲಿಂಡರಿನ ಬಿ-275. ಮೂರಿದ್ರೆ 275 ಡಿಐ. ಬಿ-275 ಸುಮಾರು 35 ಎಚ್‌ಪಿ, 275 ಡಿಐ 39 ಎಚ್‌ಪಿ ಆಸುಪಾಸು. ಶಕ್ತಿಯಲ್ಲಿ ಅಂತರ ಕಡಿಮೆ, ಆದ್ರೆ ಎಂಜಿನ್ನೇ ಬೇರೆ. ಒಂದರ ಹೆಡ್ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರಲ್ಲ, ನಾಲ್ಕು ಸಿಲಿಂಡರಿನ ಕ್ರ್ಯಾಂಕ್ ಮೂರಕ್ಕೆ ಬರಲ್ಲ. ಮಿಸ್ತ್ರಿ "ಮೊದ್ಲ ಮಾಡಲ್ ಹೇಳ್ರಿ" ಅಂದಿದ್ದು ಸರಿಯಾಗೇ ಇದೆ. ಬಣ್ಣ ಹೋಗಿ "ಬಿ"ಯೋ "ಡಿಐ"ಯೋ ಅಳಿಸಿದ್ರೂ ಪೈಪು ಅಳಿಸಲ್ಲ.

ಎಂಜಿನ್ ನಂಬರೂ ಮಾತಾಡುತ್ತೆ

ಬಾನೆಟ್ ನಂಬರಿಗಿಂತ ಎಂಜಿನ್ನಿನ ಮಾದರಿ ಹೆಸರು ಹೆಚ್ಚು ನಂಬಿಕಸ್ಥ. ಬಿ-275ರ ಎಂಜಿನ್ ಹೆಸರು ಬಿಡಿ-144. ಈ 144 ಅಂದ್ರೆ ನಿಜವಾದ ಅಳತೆ, ಘನ ಇಂಚು. ಒಂದು ಘನ ಇಂಚಿಗೆ 16.4 ಸಿಸಿ ಹಿಡಿದು ಗುಣಿಸಿ, 2360 ಸಿಸಿ ಬರುತ್ತೆ.

ಇದೇ ಲೆಕ್ಕ ಮ್ಯಾಸ್ಸಿ ಫರ್ಗುಸನ್‌ಗೂ ನಡೆಯುತ್ತೆ. ಫರ್ಗುಸನ್ 35 ಬ್ರಿಟನ್‌ನಲ್ಲಿ 1956ರಲ್ಲಿ ಬಂತು, ಮರುವರ್ಷದ ಕೊನೆಗೆ ಮ್ಯಾಸ್ಸಿ ಫರ್ಗುಸನ್ 35 ಅಂತ ಹೆಸರು ಬದಲಾಯ್ತು. ಶುರುವಿನ ಡೀಸೆಲ್ ಗಾಡಿಗಳಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು, ತಂಪು ಹೊತ್ತಿನಲ್ಲಿ ಬೇಗ ಸ್ಟಾರ್ಟ್ ಆಗಲ್ಲ ಅಂತ ಅದಕ್ಕೆ ಕೆಟ್ಟ ಹೆಸರು. 1959ರ ಕೊನೆಗೆ ಪರ್ಕಿನ್ಸ್‌ನ ಮೂರು ಸಿಲಿಂಡರಿನ ಎ3.152 ಬಂತು. ಇದನ್ನ ಬಿಡಿಸಿ ಓದಿ: 3 ಅಂದ್ರೆ ಸಿಲಿಂಡರ್, 152 ಅಂದ್ರೆ ಘನ ಇಂಚು, ಸುಮಾರು 2490 ಸಿಸಿ. ಅಂದ್ರೆ ಒಂದೇ "35"ರೊಳಗೆ ಎರಡು ಬೇರೆ ಎಂಜಿನ್. ಇಲ್ಲೂ ಪೈಪು ಎಣಿಸಿದ್ರೆ ಸಾಕು.

ಚೆನ್ನೈನ ಟಾಫೆ ಕಂಪನಿ 1960ರಲ್ಲಿ ಶುರುವಾಗಿ ಮ್ಯಾಸ್ಸಿ ಟ್ರ್ಯಾಕ್ಟರ್‌ಗಳನ್ನ ಇಲ್ಲೇ ಮಾಡಿತು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ 1035ರಲ್ಲಿ ಆ 35 ಇನ್ನೂ ಕೂತಿದೆ. ಇದಕ್ಕೆ ಬರುವುದು ಸಿಂಪ್ಸನ್ ಎಂಜಿನ್. ಹಾಗಾಗಿ ಎಂಜಿನ್ ಮೇಲೆ "ಸಿಂಪ್ಸನ್" ಅಂತ ಕಂಡ್ರೆ ಯಾರೋ ಬದಲಾಯಿಸಿದ್ದಾರೆ ಅಂತ ಗಾಬರಿ ಬೀಳಬೇಡಿ. ಅದು ಕಂಪನಿಯಿಂದಲೇ ಹಾಗೆ ಬಂದದ್ದು.

ಕೆಲವನ್ನ ಕಿವಿಯಿಂದಲೇ ಗುರುತಿಸಬಹುದು. ಹಳೇ ಐಷರ್ 241, 242 ಒಂದೇ ಸಿಲಿಂಡರಿನವು, ಗಾಳಿಯಿಂದ ತಣಿಯುವಂಥವು. "ಡುಬ್ ಡುಬ್" ಅಂತ ಬಿಡಿಬಿಡಿಯಾಗಿ ಬಡಿಯುವ ಸದ್ದು, ಮುಂದೆ ರೇಡಿಯೇಟರೇ ಇಲ್ಲ. ರೇಡಿಯೇಟರ್ ಇದ್ದು ಬಾನೆಟ್ ಮೇಲೆ 242 ಅಂತಿದ್ರೆ ಆ ಬಾನೆಟ್ ಬೇರೆ ಎಲ್ಲಿಂದಲೋ ಬಂದಿದೆ ಅಂತ ಅರ್ಥ.

ಕಾಲವೇ ಒಂದು ಜರಡಿ

ಮಾರೋರು ಹೇಳುವ ವರ್ಷವನ್ನ ಕಂಪನಿ ಶುರುವಾದ ವರ್ಷದ ಪಕ್ಕ ಇಟ್ಟು ನೋಡಿ. ಐಷರ್ ತನ್ನ ಮೊದಲ ಟ್ರ್ಯಾಕ್ಟರನ್ನ ಫರೀದಾಬಾದ್ ಕಾರ್ಖಾನೆಯಿಂದ ಹೊರತಂದದ್ದು 1959ರ ಏಪ್ರಿಲ್ 24ರಂದು. ನಮ್ಮ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಅಂತ ಹೆಸರಾದದ್ದು ಅದೇ. ಅದಕ್ಕಿಂತ ಹಿಂದಿನ ಟ್ರ್ಯಾಕ್ಟರ್ ಅಂದ್ರೆ ಅದು ಹಡಗಿನಲ್ಲಿ ಬಂದದ್ದು. ಯಾರಾದ್ರೂ "1965ರ ಎಚ್‌ಎಂಟಿ" ಅಂದ್ರೆ ಅದು ಇರೋಕೆ ಸಾಧ್ಯವಿಲ್ಲ. "1970ರ ಸ್ವರಾಜ್" ಅಂದ್ರೂ ಅಷ್ಟೇ.

ನಂಬರ್ ಪ್ಲೇಟೂ ಸಾಕ್ಷಿ ಹೇಳುತ್ತೆ. ಕೆಎ-25 ಅಂತ ಧಾರವಾಡದ ನೋಂದಣಿ ಇದ್ರೆ ಆ ನೋಂದಣಿ 1989ರ ನಂತರದ್ದು, ಯಾಕಂದ್ರೆ "ಕೆಎ" ಸರಣಿ ಶುರುವಾದದ್ದೇ ಆಗ. "ಎಂವೈ" ಅಂತ ಶುರುವಾಗುವ ಪ್ಲೇಟ್ ಇದ್ರೆ ಅದು ಮೈಸೂರು ರಾಜ್ಯದ ಕಾಲದ ಸರಣಿ. ಆದ್ರೆ ಒಂದು ಎಚ್ಚರ: ಪ್ಲೇಟು ಹೇಳೋದು ನೋಂದಣಿ ಕಾಲ, ತಯಾರಾದ ಕಾಲ ಅಲ್ಲ. ಹಳೇ ಗಾಡಿ ಬೇರೆ ರಾಜ್ಯದಿಂದ ಬಂದು ಇಲ್ಲಿ ಹೊಸ ನಂಬರ್ ಪಡೆದಿರಬಹುದು.

ಫೋರ್ಡ್‌ನಲ್ಲಿ ಇನ್ನೂ ಸೂಕ್ಷ್ಮ ಗುರುತಿದೆ. ಇಂಗ್ಲೆಂಡಿನ ಕಾರ್ಖಾನೆಯಿಂದ ಬಂದ ಗಾಡಿಗಳಲ್ಲಿ, ಸ್ಟಾರ್ಟರ್ ಮೋಟರ್ ಹತ್ತಿರದ ಸಮತಟ್ಟು ಜಾಗದಲ್ಲಿ, ಒಂದು ಸಣ್ಣ ಸಂಕೇತ ಹೊಡೆದಿರುತ್ತಾರೆ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಆಮೇಲಿನ ಅಕ್ಷರ ತಿಂಗಳು, ಎ ಅಂದ್ರೆ ಜನವರಿ, ಬಿ ಫೆಬ್ರವರಿ, ಹೀಗೇ. ಐ ಅಕ್ಷರ ಬಳಸದ ಕಾರಣ ಡಿಸೆಂಬರ್‌ಗೆ ಎಂ ಬರುತ್ತೆ. ನಂತರ ತಾರೀಕು, ಕೊನೆಗೆ ಪಾಳಿ. "8 ಸಿ 14 ಬಿ" ಅಂದ್ರೆ 8ರಲ್ಲಿ ಕೊನೆಯಾಗುವ ವರ್ಷದ ಮಾರ್ಚ್ 14. ಅದು 1968ರದೋ 1978ರದೋ? ಆಗ ಬಾನೆಟ್ ನಂಬರ್ ಕೆಲಸಕ್ಕೆ ಬರುತ್ತೆ. 3000 ಆಗಿದ್ರೆ 1968, 3600 ಆಗಿದ್ರೆ 1978. ಒಂದೊಂದೇ ನೋಡಿದ್ರೆ ಎರಡೂ ಅರ್ಧಂಬರ್ಧ, ಜೊತೆಗಿಟ್ಟು ನೋಡಿದ್ರೆ ಉತ್ತರ ಸಿಗುತ್ತೆ.

ಎಲ್ಲಿ ಹುಡುಕಬೇಕು, ಹೇಗೆ ಓದಬೇಕು

ಲಾರಿಗೆ ಅಡಿಯಲ್ಲಿ ಉದ್ದನೆಯ ಚಾಸಿ ಇರುತ್ತೆ. ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಅಂಥ ಚಾಸಿ ಇಲ್ಲ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಈ ಮೂರು ಗಟ್ಟಿ ಎರಕದ ಪೆಟ್ಟಿಗೆಗಳನ್ನ ಒಂದಕ್ಕೊಂದು ಬೋಲ್ಟ್ ಹಾಕಿ ಕೂಡಿಸಿರುತ್ತಾರೆ, ಅದೇ ಅದರ ಬೆನ್ನೆಲುಬು. ಕ್ಲಚ್ ಕೆಲಸಕ್ಕೆ ಟ್ರ್ಯಾಕ್ಟರನ್ನ ನಡುವೆ ಬಿಚ್ಚಿ ಎರಡು ಭಾಗ ಮಾಡೋದನ್ನ ನೀವು ನೋಡಿರ್ತೀರಿ. ಹಾಗೆ ಬಿಚ್ಚಿದಾಗ ಒಂದರ ಮುಂದಿನ ಭಾಗ ಇನ್ನೊಂದರ ಹಿಂದಿನ ಭಾಗಕ್ಕೆ ಸೇರಿರೋ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಒಂದೇ ನಂಬರ್ ನೋಡಿ ತೀರ್ಮಾನ ಮಾಡಬಾರದು.

ನೋಡಬೇಕಾದ್ದು ಮೂರು. ಒಂದು, ಕಂಪನಿಯ ಪ್ಲೇಟ್. ಸಾಮಾನ್ಯವಾಗಿ ಸ್ಟೀರಿಂಗ್ ಮುಂದಿನ ಮೀಟರ್ ಫಲಕದ ಹತ್ತಿರವೋ, ಗೇರ್ ಬಾಕ್ಸ್ ಮಗ್ಗುಲಲ್ಲೋ ಇರುತ್ತೆ. ಇದರ ರಿವೆಟ್‌ಗಳನ್ನೂ ನೋಡಿ. ಪ್ಲೇಟು ಹಳೆಯದು, ರಿವೆಟ್ ಹೊಸದು ಅಂದ್ರೆ ಯಾಕೆ ಅಂತ ಕೇಳಿ. ಎರಡು, ಎಂಜಿನ್ ಬ್ಲಾಕಿನ ಮೇಲೆ ಹೊಡೆದ ನಂಬರ್. ಮೂರು, ಗೇರ್ ಬಾಕ್ಸ್ ಅಥವಾ ಕ್ಲಚ್ ಹೌಸಿಂಗ್ ಮೇಲೆ ಹೊಡೆದ ನಂಬರ್. ಆರ್‌ಸಿಯಲ್ಲಿ ಚಾಸಿ ನಂಬರ್ ಅಂತ ಬರೆದಿರೋದು ಪ್ಲೇಟಿನದ್ದೋ ಈ ಮೂರನೆಯದ್ದೋ ಆಗಿರುತ್ತೆ.

ಕಬ್ಬಿಣದ ಮೇಲೆ ಎರಡು ಬಗೆಯ ನಂಬರ್ ಇರುತ್ತೆ, ಗೊಂದಲ ಮಾಡ್ಕೋಬೇಡಿ. ಉಬ್ಬಿಕೊಂಡ ನಂಬರ್ ಎರಕದ ನಂಬರ್. ಅದು ಅಚ್ಚಿನ ಗುರುತು, ಅದೇ ಅಚ್ಚಿನ ಸಾವಿರಾರು ಬ್ಲಾಕುಗಳ ಮೇಲೂ ಅದೇ ನಂಬರ್. ಒಳಕ್ಕೆ ಕೊರೆದಂತೆ ಹೊಡೆದದ್ದು ಸೀರಿಯಲ್ ನಂಬರ್, ಅದು ನಿಮ್ಮ ಗಾಡಿಯೊಂದಕ್ಕೇ ಸೇರಿದ್ದು. ಸಾಮಾನು ತರೋಕೆ ಎರಡೂ ಉಪಯೋಗ, ಮಾಲೀಕತ್ವ ಸಾಬೀತು ಮಾಡೋಕೆ ಎರಡನೆಯದೇ ಬೇಕು.

ಜಿಡ್ಡು ಹಿಡಿದಿದ್ರೆ ಸ್ವಲ್ಪ ಡೀಸೆಲ್ ಹಾಕಿ, ಬಟ್ಟೆಯಿಂದಲೋ ಹಳೇ ಹಲ್ಲುಜ್ಜುವ ಬ್ರಷ್‌ನಿಂದಲೋ ಒರೆಸಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಉಜ್ಜಿದ ಗುರುತಿರೋ ನಂಬರನ್ನ ಯಾರೂ ನಂಬಲ್ಲ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿದ್ರೆ ಅಕ್ಷರ ಎದ್ದು ಕಾಣುತ್ತೆ. ಇಲ್ಲಾಂದ್ರೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿ, ಪೆನ್ಸಿಲ್ ಪ್ರಿಂಟ್ ಅಂತಾರಲ್ಲ, ಅದೇ. ಸಂಜೆ ಹೊತ್ತು ಟಾರ್ಚನ್ನ ಓರೆಯಾಗಿ ಬಿಟ್ಟು ನೋಡಿದ್ರೂ ಮಾಸಿದ ಅಂಕಿ ಕಾಣಿಸುತ್ತೆ. 3 ಮತ್ತು 8, 1 ಮತ್ತು 7, ಇವನ್ನ ಎರಡೆರಡು ಸಲ ನೋಡಿ.

ಕಾಗದದ ಮಾತು

ಕಾನೂನಿನ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಅದರ ಆರ್‌ಸಿ 15 ವರ್ಷಕ್ಕೆ ಇರುತ್ತೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ತಪಾಸಣೆಯಲ್ಲಿ ನಂಬರ್ ತಾಳೆ ನೋಡ್ತಾರೆ. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ಹಳೇ ನಂಬರೇ ಇದ್ರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗಳಿಗೆ ಸಂಬಂಧಿಸಿದ್ದು. ಎಂಜಿನ್ ಬದಲಿಸಿದ್ರೆ ಆರ್‌ಟಿಒ ಕಚೇರಿಯಲ್ಲಿ ದಾಖಲು ಮಾಡಿಸಲೇಬೇಕು.

ಕೊಳ್ಳೋರಿಗೆ ನನ್ನ ಮಾತು ಇಷ್ಟೇ. ಆರ್‌ಸಿ ಕೈಯಲ್ಲಿ ಹಿಡ್ಕೊಂಡು ಟ್ರ್ಯಾಕ್ಟರ್ ಹತ್ತಿರ ಕೂತು, ಎಂಜಿನ್ ನಂಬರ್, ಚಾಸಿ ನಂಬರ್, ಸಿಲಿಂಡರ್ ಸಂಖ್ಯೆ, ತಯಾರಾದ ವರ್ಷ, ಈ ನಾಲ್ಕನ್ನ ಒಂದೊಂದಾಗಿ ತಾಳೆ ನೋಡಿ. ಆಮೇಲೆ ರೇಟಿನ ಮಾತು. ಹೊಸ ಬಣ್ಣಕ್ಕೆ, ಹೊಸ ಸ್ಟಿಕ್ಕರಿಗೆ ಮರುಳಾಗಬೇಡಿ. ಸ್ಟಿಕ್ಕರ್ ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ.

ರಿಪೇರಿಯೋ, ಗುಜರಿಯೋ?

ಮಾಡಲ್ ಗೊತ್ತಾದ ಮೇಲೆ ಎರಡು ಪ್ರಶ್ನೆ ಕೇಳ್ಕೋಬೇಕು. ಒಂದು, ಸಾಮಾನು ಸಿಗುತ್ತಾ? 1035, 275 ಡಿಐ, 735 ಇವುಗಳ ತಯಾರಕರು ಇನ್ನೂ ಮಾರುಕಟ್ಟೆಯಲ್ಲಿದ್ದಾರೆ. ಎಚ್‌ಎಂಟಿ ಪರಿಸ್ಥಿತಿ ಬೇರೆ, 2016ರಲ್ಲಿ ಕೇಂದ್ರ ಸರ್ಕಾರ ಅದರ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನ ಮಾಡಿತು. ಆದ್ರೂ ಕೈಚೆಲ್ಲಬೇಕಾಗಿಲ್ಲ. ಜೆಟರ್‌ನವರು ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಆದಷ್ಟು ಒಂದೇ ಬಿಡಿಭಾಗ ಹೊಂದುವಂತೆ ಆ ಸರಣಿಯನ್ನ ರೂಪಿಸಿದ್ದರು. ಎರಡು ಸಿಲಿಂಡರಿನ 2511 ಇಟ್ಕೊಂಡೋರು ಬೇರೆ ಎಚ್‌ಎಂಟಿ ಮಾಡಲ್‌ಗಳ ಸಾಮಾನು ಹೊಂದುತ್ತಾ ಅಂತ ಬಲ್ಲ ಮಿಸ್ತ್ರಿ ಹತ್ತಿರ ಕೇಳಬಹುದು.

ಎರಡು, ಅದರ ಶಕ್ತಿ ನಿಮ್ಮ ಹೊಲಕ್ಕೆ ಸಾಕಾ? ಕಲಘಟಗಿ ಕಡೆಯ ಭತ್ತದ ಗದ್ದೆಯ ಕೆಲಸ ಬೇರೆ, ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ಆಳಕ್ಕೆ ರೆಂಟೆ ಹೊಡೆಯೋ ಕೆಲಸ ಬೇರೆ. ರೋಟವೇಟರ್ ಜೋಡಿಸೋ ಯೋಚನೆ ಇದ್ರೆ ಎಂಜಿನ್ ಎಚ್‌ಪಿ ನೋಡಿದ್ರೆ ಸಾಲದು, ಪಿಟಿಒ ಎಚ್‌ಪಿ ಕೇಳಿ. ಎಂಜಿನ್ ಶಕ್ತಿಯಲ್ಲಿ ಒಂದಷ್ಟು ಗೇರುಗಳಲ್ಲೇ ಸವೆದು, ಹಿಂದಿನ ಶಾಫ್ಟಿಗೆ ಬರೋದು ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿರೋ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನ ಪರೀಕ್ಷೆ ಮಾಡಿ ವರದಿ ಕೊಡುತ್ತೆ. ಅದರಲ್ಲಿ ಪಿಟಿಒ ಶಕ್ತಿಯನ್ನ ಅಳೆದೇ ಬರೆದಿರ್ತಾರೆ.

ಎರಡಕ್ಕೂ ಉತ್ತರ "ಹೌದು" ಅಂತ ಬಂದು, ಆರ್‌ಸಿ ಸರಿಯಿದ್ರೆ, ಗುಜರಿಯವರಿಗೆ ಕೊಡುವ ಮುಂಚೆ ಮಿಸ್ತ್ರಿಯಿಂದ ರಿಪೇರಿ ಖರ್ಚಿನ ಅಂದಾಜು ತಗೊಳ್ಳಿ. ಆರ್‌ಸಿಯೂ ಇಲ್ಲ, ಎಂಜಿನ್ನೂ ಬೇರೆಯದು ಅಂತಾದ್ರೆ ಅದರ ಮೇಲೆ ದುಡ್ಡು ಸುರಿಯುವ ಮುಂಚೆ ಹತ್ತು ಸಲ ಯೋಚಿಸಿ.

ಮನೆಯಲ್ಲಿ ಹಳೇ ಟ್ರ್ಯಾಕ್ಟರ್ ಇರೋರು ಒಂದು ಕೆಲಸ ಮಾಡಿ. ಪ್ಲೇಟು, ಎಂಜಿನ್ ನಂಬರ್, ಹೌಸಿಂಗ್ ನಂಬರ್, ಇಂಜೆಕ್ಟರ್ ಪೈಪು, ಇವುಗಳ ಫೋಟೊ ತೆಗೆದು ಆರ್‌ಸಿ ಜೊತೆ ಇಟ್ಕೊಳ್ಳಿ. ಅದನ್ನ ಕೊಂಡ ಹಿರಿಯರು ಮನೆಯಲ್ಲಿದ್ರೆ ಯಾವ ವರ್ಷ ತಂದದ್ದು, ಎಂಜಿನ್ ಯಾವಾಗ ಬಿಚ್ಚಿದ್ದು, ಯಾರ ಹತ್ತಿರ ರಿಪೇರಿ ಮಾಡಿಸಿದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಳೆಗೆ ಪ್ಲೇಟು ತುಕ್ಕು ಹಿಡಿಯುವ ಮುಂಚೆ ಇಷ್ಟು ಆಗಿಬಿಡಲಿ.